ಹಸು ಮುಟ್ಟದ ಪಶುವೈದ್ಯೆ

ಅವಳಿಗೆ ಸೋಪಕ್ಕ ಎಂದು ಹೆಸರಿಟ್ಟದ್ದು ತಂಗಿಯ ಅತ್ತೆ. "ಈ ಹುಡುಗಿ ಹೊಸ್ತಿಲು ದಾಟಿದರೆ ಸಾಕು, ಅಡಿಗೆಮನೆಗೆಲ್ಲ ಬಚ್ಚಲಿನ ವಾಸನೆ" ಎಂದು ಆ ಮುದುಕಿ ಮೂಗು ಮುರಿಯುತ್ತಿದ್ದಳು. ಹುಡುಗಿಗೆ ಆಗಲೇ ಐವತ್ತು ಹತ್ತಿರ ಬಂದಿತ್ತು. ಹೆಸರು ಮೊದಲು ತಂಗಿಯ ಬಾಯಿಗೆ ಬಂತು, ಆಮೇಲೆ ಹೇಗೋ ಅವಳ ಕೆಲಸದ ಜಾಗಕ್ಕೂ ಬಂದು ಸೇರಿತು. ಅಲ್ಲಿ ಅದನ್ನು ಕೇಳಿ ಯಾರೂ ನಗಲಿಲ್ಲ. ಅಲ್ಲಿ ಎಲ್ಲರ ಮೈಯದೂ ಅದೇ ವಾಸನೆ.

ಅವಳು ಪಶುವೈದ್ಯೆ. ಕಾಲುಬಾಯಿ ಜ್ವರದ ಸಂಶೋಧನಾ ಕೇಂದ್ರದಲ್ಲಿ, ಜೀವಂತ ವೈರಸ್ ಇಟ್ಟುಕೊಂಡು ಕೆಲಸ ಮಾಡುವ ಒಳಮನೆಯಲ್ಲಿ, ಅವಳ ಮೇಜು. ದನ, ಕುರಿ, ಹಂದಿ, ಕಾಡಿನ ಜಿಂಕೆ, ಹೀಗೆ ಗೊರಸು ಸೀಳಿರುವ ಯಾವ ಪ್ರಾಣಿಯನ್ನೂ ಈ ರೋಗ ಸುಮ್ಮನೆ ಬಿಡುವುದಿಲ್ಲ. ಬಾಯಲ್ಲಿ ನೀರುಗುಳ್ಳೆ, ಗೊರಸಿನ ಸಂದಿಯಲ್ಲಿ ಹುಣ್ಣು, ದಾರದಂತೆ ಇಳಿಯುವ ಜೊಲ್ಲು. ಮನುಷ್ಯನ ಗೊಡವೆಗೆ ಅದು ಬರುವುದಿಲ್ಲ. ಆದರೆ ಮನುಷ್ಯ ಅದನ್ನು ಮೂಗಿನಲ್ಲಿ, ಕೂದಲಿನಲ್ಲಿ, ಬಟ್ಟೆಯ ಮಡಿಕೆಯಲ್ಲಿ ತನಗೇ ಗೊತ್ತಿಲ್ಲದ ಹಾಗೆ ಹೊತ್ತುಕೊಂಡು ಹೋಗಬಲ್ಲ.

ಅದಕ್ಕೇ ಆ ಸ್ನಾನ. ಹೊರಕೋಣೆಯಲ್ಲಿ ಬಟ್ಟೆ, ಗಡಿಯಾರ, ಉಂಗುರ, ಓಲೆ ಎಲ್ಲ ಕಳಚಿಟ್ಟು, ಹುಟ್ಟಿದಾಗಿನ ಮೈಯಲ್ಲಿ ನೀರಿನಡಿ ಹಾದು, ಆಚೆ ಬದಿಯಲ್ಲಿ ಕೇಂದ್ರದ ಬಟ್ಟೆ ತೊಡಬೇಕು. ಹೊರಗೆ ಬರುವಾಗ ಅದೇ ದಾರಿ ಹಿಂದುಮುಂದಾಗಿ. ಮೂಗು ಸೀದಬೇಕು, ಗಂಟಲು ಮುಕ್ಕಳಿಸಬೇಕು, ಉಗುರಿನ ಸಂದಿ ಉಜ್ಜಬೇಕು. ಒಳಗೆ ಹೋದದ್ದು ಒಂದು ಚೀಟಿಯ ಚೂರೂ ಹೊರಗೆ ಬರುವಂತಿಲ್ಲ. ಕನ್ನಡಕ ಮಾತ್ರ ಬರುತ್ತದೆ. ಕಣ್ಣು ಕಾಣದೆ ಮನೆಗೆ ಹೋಗುವುದು ಹೇಗೆ? ಅದನ್ನು ಬಾಗಿಲ ಪಕ್ಕದ ಬೋಗುಣಿಯಲ್ಲಿ, ವೈರಸ್ ಸಾಯಿಸುವ ಸೋಡಾ ದ್ರಾವಣದಲ್ಲಿ ಅದ್ದಿ ತೆಗೆದು ಹಾಕಿಕೊಳ್ಳಬೇಕು. ದಿನಕ್ಕೆ ಎಷ್ಟೋ ಸಲ ನೆನೆಯುವ ಜಡೆಯನ್ನು ಅವಳು ಕೆಲಸಕ್ಕೆ ಸೇರಿದ ವರ್ಷವೇ ಕತ್ತರಿಸಿ ಹಾಕಿದಳು. ಓಲೆ ತೆಗೆದು ಹಾಕಿ, ತೆಗೆದು ಹಾಕಿ ಬೇಸತ್ತು ಒಂದು ದಿನ ಬಿಟ್ಟೇಬಿಟ್ಟಳು. ಕಿವಿಯ ತೂತುಗಳು ತಮ್ಮಷ್ಟಕ್ಕೆ ಮುಚ್ಚಿಕೊಂಡವು.

ಸ್ನಾನ ಅವಳಿಗೆ ಯಾವತ್ತೂ ಭಾರವಾಗಲಿಲ್ಲ. ಭಾರವಾದದ್ದು ಇನ್ನೊಂದು ಕಟ್ಟಳೆ. ಒಳಮನೆಗೆ ಹೋಗಿ ಬಂದವರು ಪೂರ್ತಿ ಒಂದು ವಾರ ಗೊರಸಿನ ಪ್ರಾಣಿಯನ್ನು ಮುಟ್ಟುವಂತಿಲ್ಲ, ಅವು ಇರುವ ಮನೆಯ ಅಂಗಳಕ್ಕೂ ಕಾಲಿಡುವಂತಿಲ್ಲ. ದಿನವೂ ಒಳಗೆ ಹೋಗುವವಳಿಗೆ ಆ ವಾರ ಮುಗಿಯುವುದು ಯಾವಾಗ? ಹಸುಗಳ ಮೇಲಿನ ಅಕ್ಕರೆಯಿಂದಲೇ ಈ ಓದು ಓದಿದವಳು ವರ್ಷಗಟ್ಟಲೆ ಒಂದು ಹಸುವಿನ ಮೈ ಸವರದೆ ಬದುಕಿದಳು. ಬಸ್ಸಿಗೆ ಯಾರಾದರೂ ಮೇಕೆಮರಿ ಎತ್ತಿಕೊಂಡು ಹತ್ತಿದರೆ ಇಳಿದು ನಡೆದು ಹೋಗುತ್ತಿದ್ದಳು. ಒಮ್ಮೆ ಒಬ್ಬನ ಜೊತೆ ಮದುವೆಯ ಮಾತು ಬಂದಿತ್ತು. ಅವನ ಮನೆಯಲ್ಲಿ ಕುರಿಮಂದೆ ಇತ್ತು. "ಅವನಿಗೆ ನಾನು ಒಪ್ಪಿಗೆ ಆಗಿದ್ದೆ, ಕುರಿಗಳಿಗೆ ಆಗಲಿಲ್ಲ" ಎಂದು ಅವಳು ಆ ಕಥೆಯನ್ನು ಅಲ್ಲಿಗೇ ಮುಗಿಸುತ್ತಿದ್ದಳು.

ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ಅಂತ ಉಳಿದದ್ದು ತಂಗಿಯ ಮನೆ ಒಂದೇ. ಕೇಂದ್ರದ ಮಹಡಿಯಿಂದ ನೋಡಿದರೆ ಆ ಮನೆಯ ಹಿಂದಿನ ಗುಡ್ಡ ಕಾಣುತ್ತಿತ್ತು. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆದರೆ ತಂಗಿ, ತಂಗಿಯ ಗಂಡ ಹಾಲಿನ ವ್ಯಾಪಾರದವರು, ಕೊಟ್ಟಿಗೆ ತುಂಬ ಹಸು. ಅಕ್ಕ ಅಲ್ಲಿಗೆ ಹೋಗಬೇಕೆಂದರೆ ಉದ್ದ ರಜೆ ಹಾಕಬೇಕು, ರಜೆಯ ಮೊದಲ ವಾರವನ್ನು ತನ್ನ ಒಂಟಿ ಕೋಣೆಯಲ್ಲಿ ಕಳೆಯಬೇಕು, ಆಮೇಲೆ ಬಸ್ಸು ಹತ್ತಬೇಕು. ತಂಗಿ ಬರೋಣವೆಂದರೆ ಹಸುಗಳಿಗೆ ಭಾನುವಾರ ಎನ್ನುವುದು ಇಲ್ಲ, ಬೆಳಿಗ್ಗೆ ಸಂಜೆ ಕರೆಯಲೇಬೇಕು. ಹೀಗಾಗಿ ಅಕ್ಕತಂಗಿಯರು ವರ್ಷಕ್ಕೊಮ್ಮೆ ಸಿಗುವ ನೆಂಟರಾದರು.

ಆ ಕಾಯುವ ವಾರವನ್ನು ಅವಳು ಯಾರದೂ ಅಲ್ಲದ ವಾರ ಎನ್ನುತ್ತಿದ್ದಳು. ಕೆಲಸವೂ ಇಲ್ಲ, ಮನೆಯೂ ಇಲ್ಲ. ಕೋಣೆಯ ಕಿಟಕಿಗೆ ಎದುರು ಕಟ್ಟಡದ ಗೋಡೆ. ಒಂದು ಕುರ್ಚಿ, ಗ್ಯಾಸಿನ ಒಲೆ, ಗ್ರಂಥಾಲಯದಿಂದ ತಂದ ದಪ್ಪ ಕಾದಂಬರಿಗಳು. ಕೆಲವು ದಿನ ಸಂಜೆಯವರೆಗೆ ಬಾಯಿ ಬಿಟ್ಟಿರುತ್ತಿರಲಿಲ್ಲ. ಅಂಗಡಿಗೆ ಹೋಗಿ "ಬ್ರೆಡ್ ಕೊಡಿ" ಎಂದಾಗ ತನ್ನ ಗಂಟಲು ತನಗೇ ಹೊಸದಾಗಿ ಕೇಳಿಸುತ್ತಿತ್ತು.

ಅವಳ ಕೆಲಸದ ಪ್ರಶ್ನೆ ಕೇಳಲು ಸುಲಭ. ಕಾಡಂಚಿನ ಊರುಗಳಲ್ಲಿ ರೋಗವನ್ನು ಜಿಂಕೆ ಹಸುವಿಗೆ ಕೊಡುತ್ತದೋ, ಹಸು ಜಿಂಕೆಗೆ ಕೊಡುತ್ತದೋ? ಕಾಡಿನ ಸಿಬ್ಬಂದಿ ಸತ್ತ ಜಿಂಕೆಯ ನಾಲಿಗೆಯ ಚೂರನ್ನು, ಊರಿನ ವೈದ್ಯರು ಹಸುವಿನ ಬಾಯಿಹುಣ್ಣಿನ ಸಿಪ್ಪೆಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಿದ್ದರು. ಅದರೊಳಗಿನ ವೈರಸ್ಸಿನ ಜೀನುಗಳನ್ನು ಓದಿ, ಯಾವುದಕ್ಕೆ ಯಾವುದು ಅಣ್ಣ, ಯಾವುದು ತಮ್ಮ ಎಂದು ಅವಳು ವಂಶವೃಕ್ಷ ಬರೆಯುತ್ತಿದ್ದಳು. ಆ ಕಾಡಿನ ಜಿಂಕೆಗಳಲ್ಲಿ ಜೀವಂತವಾಗಿರುವ ಒಂದನ್ನೂ ಅವಳು ನೋಡಿರಲಿಲ್ಲ.

ಆ ವರ್ಷದ ರಜೆಯಲ್ಲಿ ಅವಳು ಎಂದಿನ ಹಾಗೆ ವಾರ ಕಾದು ತಂಗಿಯ ಮನೆಗೆ ಹೋದಳು. ಕೊಟ್ಟಿಗೆಯಲ್ಲಿ ಕಂದು ಬಣ್ಣದ ಎಳೆಗರು. ಅವಳು ಕೈಚೀಲವನ್ನೂ ಕೆಳಗಿಡದೆ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

"ಮೊದಲು ಒಳಗೆ ಬಂದು ನೀರು ಕುಡಿಯೇ" ಎಂದಳು ತಂಗಿ.

"ಅವಳು ನಿನ್ನ ನೋಡೋಕೆ ಬಂದಿದ್ದಾಳೆ ಅಂದ್ಕೊಂಡ್ಯಾ?" ಅತ್ತೆ ಜಗಲಿಯಿಂದಲೇ ಹೇಳಿದಳು. "ವರ್ಷಪೂರ್ತಿ ಉಪವಾಸ ಇದ್ದೋಳು, ಕಣ್ತುಂಬ ನೋಡ್ಕೊಳ್ಳಲಿ ಬಿಡು. ಹಸು ಮುಟ್ಟದ ಹಸು ಡಾಕ್ಟ್ರು ಎಲ್ಲಾದ್ರೂ ಉಂಟಾ?"

ಕರು ಅವಳ ಕೆನ್ನೆ ನೆಕ್ಕಿತು. ಕನ್ನಡಕವನ್ನೂ ನೆಕ್ಕಿತು. ಗಾಜೆಲ್ಲ ಜೊಲ್ಲಾಗಿ ಏನೂ ಕಾಣದೆ ಅವಳು ನಗುತ್ತಾ ಕೂತಿದ್ದಳು. ತಂಗಿಯ ಗಂಡ ಹುಲ್ಲಿನ ಹೊರೆ ಹೊತ್ತು ಬಂದವನು ಅದನ್ನು ನೋಡಿ ತಾನೂ ನಕ್ಕ.

ಅವಳು ಕೋಣೆಗೆ ಮರಳಿದ ಕೆಲವೇ ದಿನಕ್ಕೆ ತಂಗಿಯ ಫೋನ್ ಬಂತು.

"ಕರು ಹೋಯ್ತು."

"ಯಾವ ಕರು?"

"ನೀನು ಮುದ್ದು ಮಾಡಿದ್ಯಲ್ಲ, ಅದೇ. ಬೆಳಿಗ್ಗೆ ಹಾಲು ಕುಡಿದು ನಾಲ್ಕು ಹೆಜ್ಜೆ ಹಾಕ್ತು, ಬಿತ್ತು. ಏಳಲೇ ಇಲ್ಲ."

ಎಳೆಗರುಗಳಲ್ಲಿ ಈ ರೋಗ ಬಾಯಿಗೆ ಬರುವ ಮೊದಲೇ ಹೃದಯಕ್ಕೆ ಹೋಗುತ್ತದೆ. ಅದು ಅವಳಿಗೆ ಗೊತ್ತಿತ್ತು. "ಉಳಿದವು ಹೇಗಿವೆ?" ಎಂದಳು, ಕೇಳಲು ಇಷ್ಟವಿಲ್ಲದೆ.

"ಮೇವು ಮುಟ್ಟಿಲ್ಲ. ಬಾಯಿ ಚಪ್ಪರಿಸ್ತಿವೆ. ಜೊಲ್ಲು ನೆಲ ಮುಟ್ಟೋ ಹಾಗೆ ಇಳೀತಿದೆ." ಫೋನ್ ಕೈ ಬದಲಾದದ್ದು ಕೇಳಿಸಿತು. ಈಗ ಗಂಡ.

"ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಅವತ್ತು ಕರು ನಿಮ್ಮ ಕನ್ನಡಕ ನೆಕ್ಕಿತ್ತು. ಆ ಕನ್ನಡಕ ನಿಮ್ಮ ಲ್ಯಾಬಿನ ಒಳಗೂ ಹಾಕ್ಕೋತೀರಾ?"

"ಹೌದು."

"ಅಷ್ಟೇ ಕೇಳಿದ್ದು" ಎಂದು ಅವನು ಇಟ್ಟುಬಿಟ್ಟ.

ಲಸಿಕೆ ಹಾಕಿಸಿದ್ದರೂ ಈ ಸಲದ ತಳಿ ಲಸಿಕೆಯ ಕೈಗೆ ಸಿಗುವಂಥದ್ದಾಗಿರಲಿಲ್ಲ. ಕೆಲವು ಹಸುಗಳು ತಾವಾಗಿಯೇ ಸತ್ತವು. ಲಸಿಕೆಗೆ ಬಗ್ಗದ ತಳಿ ಹರಡದಿರಲೆಂದು, ಎಂದೂ ಇಲ್ಲದ ಹಾಗೆ, ಉಳಿದವನ್ನು ಪಶು ಇಲಾಖೆಯವರು ಬಂದು ಕೊಂದು ಹೂತರು. ಕೊಟ್ಟಿಗೆಗೆ ಸುಣ್ಣ ಸುರಿದರು. ಅವಳಿಗೆ ಯಾರೂ ಬಾ ಎನ್ನಲಿಲ್ಲ. ತಂಗಿಗೆ ಮಾಡಿದ ಫೋನು ರಿಂಗಾಗಿ ರಿಂಗಾಗಿ ತಾನೇ ನಿಲ್ಲುತ್ತಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವಳು ಕನ್ನಡಕ ಮುಟ್ಟಿ ನೋಡಿಕೊಳ್ಳತೊಡಗಿದಳು. ರಜೆಗೆ ಮುಂಚಿನ ಆ ಕೊನೆಯ ಸಂಜೆ, ತಂಗಿಯ ಮನೆಗೆ ಹೋಗುವ ಖುಷಿಯಲ್ಲಿ, ಅದನ್ನು ಬೋಗುಣಿಯಲ್ಲಿ ಅದ್ದಿದ್ದಳೋ ಇಲ್ಲವೋ? ದಿನವೂ ಮಾಡುವ ಕೆಲಸಕ್ಕೆ ನೆನಪು ಇರುವುದಿಲ್ಲ. ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದಿರುಗುವವರಿಗೆಲ್ಲ ಇದು ಗೊತ್ತು. ಆದರೆ ಅವರಿಗೆ ಹಿಂದಿರುಗಿ ನೋಡಲು ಒಂದು ಬಾಗಿಲಾದರೂ ಇರುತ್ತದೆ. ಅವಳು ಹೊರಕೋಣೆಯಲ್ಲಿ ಬೋಗುಣಿಯ ಮುಂದೆ ನಿಂತು, ಕೈಗಾದರೂ ನೆನಪಿದ್ದೀತು ಎಂದು, ಕನ್ನಡಕ ತೆಗೆದು ಅದ್ದಿ, ಮತ್ತೆ ತೆಗೆದು ಅದ್ದಿ ನೋಡುತ್ತಿದ್ದಳು. ಕೈ ಏನೂ ಹೇಳಲಿಲ್ಲ.

ತಂಗಿಯ ಹಸುಗಳ ಮಾದರಿ ಕೇಂದ್ರಕ್ಕೇ ಬಂತು. ಸಂಬಂಧಿಕರದ್ದಾದ್ದರಿಂದ ಅವಳು ಅದನ್ನು ಮುಟ್ಟುವಂತಿರಲಿಲ್ಲ. ಪಕ್ಕದ ಮೇಜಿನವನಿಗೆ ಕೊಟ್ಟರು. ಮಾದರಿಗಳಿಡುವ ಶೀತಲ ಪೆಟ್ಟಿಗೆಗಳ ಬೀಗದಕೈ ಅವನ ಬಳಿ ಇರುತ್ತಿದ್ದದ್ದರಿಂದ ಎಲ್ಲರೂ ಅವನನ್ನು ದೊರೆ ಎನ್ನುತ್ತಿದ್ದರು.

"ಒಂದು ವಾರ ನಿನ್ನ ಮೂಗಿನ ಮೇಲೆ ಕೂತು ಸವಾರಿ ಮಾಡೋಕೆ ವೈರಸ್ಸೇನು ಕತ್ತೆ ಮೇಲೆ ಕೂತ ನೊಣಾನಾ?" ಎಂದ ದೊರೆ, ಅವಳ ಅನುಮಾನ ಕೇಳಿ.

"ಕತ್ತೆ ಅಂದಿದ್ದು ನನಗೆ ತಾನೆ?"

"ಅಲ್ಲ, ಕನ್ನಡಕಕ್ಕೆ."

ಅವಳು ನಗಲಿಲ್ಲ. "ಕೊಳೆಯಲ್ಲಿ ಒಣಗಿ ಅಂಟ್ಕೊಂಡಿದ್ರೆ ಬದುಕುತ್ತೆ. ನಿನಗೂ ಗೊತ್ತು. ಕನ್ನಡಕದ ಸಂದಿಯಲ್ಲಿ ಎಷ್ಟು ಕೊಳೆ ಇರುತ್ತೆ ನೋಡಿದ್ದೀಯಾ?"

ಉತ್ತರ ಬಂದ ದಿನ ದೊರೆ ಊಟದ ಡಬ್ಬಿ ಹಿಡಿದುಕೊಂಡು ಅವಳ ಎದುರು ಬಂದು ಕೂತ. ಡಬ್ಬಿ ತೆರೆಯದೆ ಹೇಳಿದ. "ನಮ್ಮದಲ್ಲ. ಒಳಮನೆಯಲ್ಲಿರೋ ಯಾವ ತಳಿಗೂ ಅದಕ್ಕೂ ಸಂಬಂಧ ಇಲ್ಲ. ನಿನ್ನ ತಂಗಿ ಮನೆ ಮೇಲ್ಗಡೆ ಹಳ್ಳದಲ್ಲಿ ಸತ್ತು ಬಿದ್ದಿದ್ದ ಜಿಂಕೆಯ ಮಾದರಿ ಕಾಡಿನವರು ಕಳಿಸಿದ್ರು, ಅದರಲ್ಲಿದ್ದ ವೈರಸ್ಸಿನ ಅವಳಿಜವಳಿ. ಹಸುಗಳು ಅದೇ ನೀರಿಗೆ ಹೋಗ್ತಿದ್ವು."

"ಇನ್ನೊಂದು ಸಲ ನೋಡಿದ್ಯಾ?"

"ನೋಡಿದೆ. ನೀನು ಹೀಗೆ ಕೇಳ್ತೀಯ ಅಂತಾನೇ ನೋಡಿದೆ."

ಎದೆಯ ಮೇಲಿನ ಕಲ್ಲು ಇಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ರೋಗ ತಂದವಳು ತಾನಲ್ಲ ಎಂದು ತಿಳಿಯಿತು. ಆದರೆ ಕನ್ನಡಕ ಅದ್ದಿದ್ದೆನೋ ಇಲ್ಲವೋ ಎನ್ನುವುದು ತಿಳಿಯಲಿಲ್ಲ. ಅದೊಂದು ಅವಳ ಜೊತೆಗೇ ಉಳಿಯಿತು.

ಅವಳು ಭಾನುವಾರ ಬಸ್ಸು ಹತ್ತಿ ಹೋದಳು. ಗೇಟಿನ ಹತ್ತಿರ ಅಭ್ಯಾಸಬಲದಿಂದ ಕಾಲು ನಿಂತಿತು. ಹಿಂದಿನ ದಿನವಷ್ಟೇ ಒಳಮನೆಯಲ್ಲಿ ಕೆಲಸ ಮಾಡಿ ಬಂದವಳು. ಆಮೇಲೆ ಹೊಳೆಯಿತು, ಒಳಗೆ ಗೊರಸಿನ ಪ್ರಾಣಿ ಒಂದೂ ಇಲ್ಲ. ತಡೆಯುವ ಕಟ್ಟಳೆಯೂ ಇಲ್ಲ.

ತಂಗಿ ಹಿತ್ತಲಲ್ಲಿ ಖಾಲಿ ಹಾಲಿನ ಕ್ಯಾನುಗಳನ್ನು ಬೋರಲು ಹಾಕುತ್ತಿದ್ದಳು. ಅಕ್ಕ ಜಿಂಕೆ, ಹಳ್ಳ, ವಂಶವೃಕ್ಷ ಎಂದು ಎಲ್ಲ ವಿವರಿಸಿದಳು. ತಂಗಿ ಕೊನೆಯವರೆಗೂ ಕೇಳಿದಳು.

"ಸರಿ. ನೀನಲ್ಲ. ನೀನೇ ಆಗಿದ್ರೂ ನಾನೇನು ಮಾಡ್ತಿದ್ದೆ? ಬೇರೆ ಅಕ್ಕನ್ನ ಎಲ್ಲಿಂದ ತರಲಿ?"

"ಮತ್ತೆ ಫೋನ್ ಯಾಕೆ ಎತ್ತಲಿಲ್ಲ?"

"ಎತ್ತಿದ್ರೆ ಏನಾದ್ರೂ ಅಂದುಬಿಡ್ತಿದ್ದೆ" ಎಂದಳು ತಂಗಿ. ಗಂಡ ಅಕ್ಕನಿಗೆ ಒಂದು ಕುರ್ಚಿ ತಂದಿಟ್ಟು, ಅದರ ಧೂಳನ್ನು ತನ್ನ ಹೆಗಲ ಬಟ್ಟೆಯಿಂದ ಒರೆಸಿದ.

ಅವತ್ತಿನಿಂದ ಅವಳು ಪ್ರತಿ ಭಾನುವಾರ ಅಲ್ಲಿ. ಒಮ್ಮೊಮ್ಮೆ ಶನಿವಾರ ಸಂಜೆಯೇ ಹೋಗಿಬಿಡುತ್ತಿದ್ದಳು. ತಂಗಿಯ ತಲೆಗೆ ಎಣ್ಣೆ ಹಚ್ಚಿದಳು, ಅತ್ತೆಯ ಕಾಲುಗುರು ಕತ್ತರಿಸಿದಳು, ಸೋರುವ ನಲ್ಲಿ ರಿಪೇರಿ ಮಾಡಲು ಹೋಗಿ ಇನ್ನಷ್ಟು ಸೋರುವ ಹಾಗೆ ಮಾಡಿಟ್ಟಳು. "ಮೊದಲು ವರ್ಷಕ್ಕೊಂದು ಸಲ ಬರ್ತಿದ್ಲು, ಈಗ ಬಿಟ್ರೆ ಹೋಗಲ್ಲ" ಎಂದು ಅತ್ತೆ ಗೊಣಗುತ್ತಲೇ ಅವಳ ಹಾಸಿಗೆ ಬಿಸಿಲಿಗೆ ಹಾಕಿಸುತ್ತಿದ್ದಳು. ಯಾರೂ ಕರೆಯದೆ ಹೋಗಬಹುದಾದ ಮನೆ, ಊಟಕ್ಕೆ ಮುಂಚೆ ಇವತ್ತು ನೀನು ಇರ್ತೀಯಾ ಎಂದು ಕೇಳದ ಮನೆ ಅವಳಿಗೆ ಸಿಕ್ಕಿದ್ದು ಆ ವರ್ಷ. ಸಿಕ್ಕಿದ್ದು ಯಾಕೆ ಎನ್ನುವುದನ್ನು ಅವಳು ಮರೆಯುವಂತಿರಲಿಲ್ಲ. ಮಲಗುವ ಕೋಣೆಯ ಗೋಡೆಯಾಚೆ ಕೊಟ್ಟಿಗೆ. ಅಲ್ಲಿ ಸರಪಳಿಯ ಸದ್ದಿಲ್ಲ, ಉಸಿರಿಲ್ಲ. ಬೆಳಕು ಹರಿಯುವ ಮೊದಲೇ ತಂಗಿಗೆ ಅಭ್ಯಾಸದಿಂದ ಎಚ್ಚರವಾಗುತ್ತಿತ್ತು. ಎದ್ದು, ಕರೆಯಲು ಏನೂ ಇಲ್ಲದೆ, ಸುಮ್ಮನೆ ಒಲೆಯ ಮುಂದೆ ಕೂರುತ್ತಿದ್ದಳು. ಅಕ್ಕ ಅದನ್ನು ನೋಡುತ್ತಿದ್ದಳು. ತನ್ನ ಸಂತೋಷದ ಬಗ್ಗೆ ಅವಳಿಗೆ ನಾಚಿಕೆಯಾಗುತ್ತಿತ್ತು, ಆದರೂ ಮುಂದಿನ ಭಾನುವಾರ ಬಸ್ಸು ಹತ್ತುತ್ತಿದ್ದಳು.

ಕೊಟ್ಟಿಗೆ ಖಾಲಿ ಇಡಬೇಕಾದ ಅವಧಿ ಮುಗಿಯಿತು. ಆಮೇಲೂ ಯಾರೂ ಹಸುವಿನ ಮಾತೆತ್ತಲಿಲ್ಲ. ಗಂಡ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದ. ಒಂದು ಭಾನುವಾರ ಊಟದ ಹೊತ್ತಿನಲ್ಲಿ ಅತ್ತೆಯೇ ಬೆಕ್ಕಿಗೆ ಗಂಟೆ ಕಟ್ಟಿದಳು.

"ಎಷ್ಟು ದಿನ ಅಂತ ಹೀಗೆ ಮುಖ ಮುಖ ನೋಡ್ಕೊಂಡು ಕೂರ್ತೀರಿ? ಹಸು ತರೋದಾದ್ರೆ ತನ್ನಿ. ಇಲ್ಲ ಅಂದ್ರೆ ಕೊಟ್ಟಿಗೆ ಕಿತ್ತು ತರಕಾರಿ ಹಾಕಿ."

ಗಂಡ ತಟ್ಟೆಯನ್ನೇ ನೋಡುತ್ತಿದ್ದ. ತಂಗಿ ಅಕ್ಕನ ಕಡೆ ತಿರುಗಿದಳು. "ನೀನೇನಂತೀಯ?"

ಬೇಡ ಎಂದಿದ್ದರೆ ಅವರು ತರುತ್ತಿರಲಿಲ್ಲ. ಅದು ಆ ಅಡಿಗೆಮನೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಳಮನೆಯ ಕೆಲಸ ಬಿಟ್ಟು ಬೇರೆ ವಿಭಾಗಕ್ಕೆ ಹೋಗಬಹುದಿತ್ತು ಎಂದು ಆಮೇಲೆ ದೊರೆ ಅವಳಿಗೆ ಹೇಳಿದ. ಅದನ್ನೂ ಅವಳು ಯೋಚಿಸಿದ್ದಳು. ಆದರೆ ಆ ಹಳ್ಳದ ಜಿಂಕೆಗಳ ತಳಿಗೆ ಹೊಂದುವ ಲಸಿಕೆಯ ಕೆಲಸ ಅವಳ ಮೇಜಿನ ಮೇಲೆ ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸದಿದ್ದರೆ ಹೊಸ ಹಸುಗಳಿಗೂ ಇಂದಲ್ಲ ನಾಳೆ ಅದೇ ಕಥೆ. ತರಬೇಕಾದರೆ ಅವಳು ಒಳಗಿರಬೇಕು.

"ತನ್ನಿ" ಎಂದಳು. "ಹಳ್ಳದ ಕಡೆ ಬೇಲಿ ಹಾಕಿ. ನೀರು ಮನೆಯ ಹತ್ತಿರಾನೇ ಕುಡಿಸಿ. ಲಸಿಕೆ ನಾನು ನೋಡ್ಕೋತೀನಿ."

"ಮತ್ತೆ ನೀನು?"

"ನಾನೆಲ್ಲಿ ಹೋಗ್ತೀನಿ? ಮೊದಲಿನ ಹಾಗೆ ವರ್ಷಕ್ಕೊಂದು ಸಲ ಬಂದು ತಲೆ ತಿಂತೀನಿ."

"ಸೋಪಿನ ಖರ್ಚಾದ್ರೂ ಉಳೀತು" ಎಂದಳು ಅತ್ತೆ. ಎದ್ದು ಹೋಗಿ ಕೈ ತೊಳೆಯುವ ನೆಪದಲ್ಲಿ ಬಹಳ ಹೊತ್ತು ಬಚ್ಚಲಿನಲ್ಲೇ ನಿಂತಿದ್ದಳು.

ಹಸುಗಳು ಬಂದವು. ತಂಗಿ ಫೋನಿನಲ್ಲಿ ಒಂದೊಂದರ ಮುಖ ತೋರಿಸಿದಳು. ಭಾನುವಾರಗಳು ಮತ್ತೆ ಆ ಕೋಣೆಗೆ, ಎದುರು ಗೋಡೆಗೆ, ದಪ್ಪ ಕಾದಂಬರಿಗಳಿಗೆ ಹಿಂದಿರುಗಿದವು. ಈ ಸಲದ ಒಂಟಿತನ ಮೊದಲಿನದರಂತಿರಲಿಲ್ಲ. ಮೊದಲು ಅವಳಿಗೆ ತಾನು ಏನನ್ನು ಕಳೆದುಕೊಳ್ಳುತ್ತಿದ್ದೇನೆಂದು ಗೊತ್ತಿರಲಿಲ್ಲ. ಈಗ ಭಾನುವಾರ ಬೆಳಿಗ್ಗೆ ಇಷ್ಟು ಹೊತ್ತಿಗೆ ಅತ್ತೆ ಯಾರನ್ನು ಬೈಯುತ್ತಿರುತ್ತಾಳೆ ಎನ್ನುವುದೂ ಗೊತ್ತಿತ್ತು. ಲಸಿಕೆಯ ಕೆಲಸ ಮುಗಿಯಿತು. ಕಾಡಂಚಿನ ಊರುಗಳಿಗೆಲ್ಲ ಹೋಯಿತು, ತಂಗಿಯ ಕೊಟ್ಟಿಗೆಗೂ ಹೋಯಿತು. ಮರುವರ್ಷ ಹಳ್ಳದ ಬಳಿ ಮತ್ತೆ ಜಿಂಕೆಗಳು ಸತ್ತವು. ತಂಗಿಯ ಹಸುಗಳಿಗೆ ಏನೂ ಆಗಲಿಲ್ಲ. ಆ ಸುದ್ದಿ ಬಂದ ದಿನ ಅವಳು ದೊರೆಗೆ ಊಟ ಕೊಡಿಸಿದಳು.

ರಕ್ತದ ಕಾಯಿಲೆ ಕಾಣಿಸಿಕೊಂಡದ್ದು ಆಮೇಲೆ. ಆಸ್ಪತ್ರೆಯಲ್ಲಿ ಮಲಗಿದ ಮೇಲೆ ಒಳಮನೆಯ ನಂಟು ತಾನಾಗಿಯೇ ಕಡಿಯಿತು. ಕಾಯಬೇಕಾದ ವಾರ ಮುಗಿಯಿತು, ಅದರ ಮೇಲೆ ಇನ್ನೊಂದು ಮುಗಿಯಿತು. ತಂಗಿಯ ಮನೆಗೆ ಹೋಗಿಬರುತ್ತೇನೆ ಎಂದು ಕೇಳಿದಳು. ಮೈಯಲ್ಲಿ ಸೋಂಕು ತಡೆಯುವ ಶಕ್ತಿಯೇ ಉಳಿದಿಲ್ಲ, ಕೊಟ್ಟಿಗೆಯ ಹತ್ತಿರ ಸುಳಿಯಲೇಬಾರದು ಎಂದರು ಡಾಕ್ಟರು. ದೊರೆ ನೋಡಲು ಹೋದಾಗ ಅದನ್ನು ಹೇಳಿ ಅವಳು ಉಸಿರು ಕಟ್ಟುವಷ್ಟು ನಕ್ಕಳು. "ಇಷ್ಟು ವರ್ಷ ನನ್ನಿಂದ ಹಸುಗಳಿಗೆ ಅಪಾಯ. ಈಗ ಹಸುಗಳಿಂದ ನನಗೆ. ಲೆಕ್ಕ ಸಮ ಆಯ್ತು ನೋಡು." ತಂಗಿ ಬೆಳಗಿನ ಹಾಲು ಕರೆದು ಬಸ್ಸು ಹತ್ತಿ, ಸಂಜೆಯ ಹಾಲಿಗೆ ಹಿಂದಿರುಗಿ, ಕೊನೆಯವರೆಗೂ ಓಡಾಡಿದಳು.

ಅಕ್ಕನ ಜೀವ ಹೋದ ಮೇಲೆ ಅವಳನ್ನು ತಂಗಿಯ ಮನೆಗೇ ತಂದರು. ಕೇಂದ್ರದವರು ಹಿಂದೆ ಇನ್ನೊಂದು ಗಾಡಿಯಲ್ಲಿ ಬಂದರು. ಆಸ್ಪತ್ರೆಯ ವ್ಯಾನು ಗೇಟಿನ ಒಳಗೆ ಹೋಯಿತು. ಇವರು ರಸ್ತೆಯಲ್ಲೇ ಇಳಿದು, ಬೇಲಿಯಿಂದ ದೂರ ನಿಂತರು. ಎಲ್ಲರೂ ಆ ವಾರ ಒಳಮನೆಯಲ್ಲಿ ಕೆಲಸ ಮಾಡಿದವರೇ.

ತಂಗಿ ಹೊರಗೆ ಬಂದು ನೋಡಿದಳು. "ಒಳಗೆ ಬರೋ ಹಾಗಿಲ್ಲಮ್ಮ" ಎಂದ ದೊರೆ, ತಪ್ಪು ಮಾಡಿದವನಂತೆ.

"ಗೊತ್ತು" ಎಂದಳು ಅವಳು.

ಒಳಗೆ ಹೋಗಿ, ಗಂಡನ ಕೈಲೊಂದಿಷ್ಟು ತನ್ನ ಕೈಲೊಂದಿಷ್ಟು ಕುರ್ಚಿ ಹಿಡಿದು ಬಂದಳು. ರಸ್ತೆಯ ಆಚೆ ಬದಿಯಲ್ಲಿ, ಮರದ ನೆರಳಿನಲ್ಲಿ ಸಾಲಾಗಿ ಇಟ್ಟಳು. ಅವರು ಕೂತ ಮೇಲೆ ತಾನೂ ತುಸು ದೂರದಲ್ಲಿ ಒಂದರಲ್ಲಿ ಕೂತಳು. ಆಮೇಲೆ ಅವಳು, ಅಕ್ಕ ಕೆಲಸದಲ್ಲಿ ಹೇಗಿರುತ್ತಿದ್ದಳು, ಯಾರ ಜೊತೆ ಕೂತು ಊಟ ಮಾಡುತ್ತಿದ್ದಳು, ಸಿಟ್ಟು ಬಂದರೆ ಏನನ್ನುತ್ತಿದ್ದಳು ಎಂದು ಒಂದೊಂದಾಗಿ ಕೇಳತೊಡಗಿದಳು. ತಾನು ಯಾವತ್ತೂ ನೋಡದ ಅಕ್ಕನ ಬಗ್ಗೆ. ಅವರು ಗೊತ್ತಿದ್ದಷ್ಟು ಹೇಳಿದರು.

ಅತ್ತೆ ಗೇಟಿನವರೆಗೆ ಬಂದು ಕೂಗಿದಳು. "ಸೋಪಕ್ಕನ ಕಡೆಯವರು ಟೀ ಕುಡೀತಾರಾ ಕೇಳು."

"ನಮ್ಮ ಬಾಯಿ ತಾಗಿದ ಲೋಟ ವಾಪಸ್ ಕೊಡೋ ಹಾಗಿಲ್ಲ ಅಜ್ಜಿ" ಎಂದ ದೊರೆ.

"ಯಾರು ಕೇಳಿದ್ರು ವಾಪಸ್? ಇಟ್ಕೊಳ್ಳಿ."

ಟೀ ಬಂತು. ಕುಡಿದು, ಕತ್ತಲಾಗುವವರೆಗೆ ಅಲ್ಲೇ ಕೂತಿದ್ದು, ಅವರು ಹೊರಟರು. ಲೋಟಗಳು ಅವರ ಜೊತೆಯಲ್ಲೇ ಹೋದವು.